ಕುದುರೆ ಹತ್ತುವ ಮೊದಲು ಲಾಯ ನೋಡಿ

ದೊಡ್ಡ ಊರಿನಲ್ಲಿ ಇರುವವರಿಗೆ ಕುದುರೆ ಸವಾರಿಯ ಆಸೆ ಹುಟ್ಟಿದರೆ ಮೊದಲು ಮಾಡುವ ಕೆಲಸ ಮೊಬೈಲಿನಲ್ಲಿ ಮ್ಯಾಪ್ ತೆರೆದು ಹುಡುಕುವುದು. ನಾನೂ ಅದನ್ನೇ ಮಾಡಿದ್ದು. ಒಂದಷ್ಟು ಕೆಂಪು ಗುರುತುಗಳು ಬರುತ್ತವೆ, ಬಹುಪಾಲು ಊರಿನ ಅಂಚಿನಲ್ಲಿ. ಒಂದೊಂದನ್ನೇ ಒತ್ತುತ್ತಾ ಹೋದರೆ ಸಂಜೆ ಬಿಸಿಲಿನಲ್ಲಿ ಕುದುರೆ ಮೇಲೆ ಕೂತು ನಗುತ್ತಿರುವವರ ಫೋಟೋ, ಐದಕ್ಕೆ ನಾಲ್ಕೂವರೆ ಸ್ಟಾರು, "ಮಕ್ಕಳು ತುಂಬಾ ಎಂಜಾಯ್ ಮಾಡಿದರು", "ಪಾರ್ಕಿಂಗ್ ಇದೆ", "ರಸ್ತೆ ಸ್ವಲ್ಪ ಕೆಟ್ಟಿದೆ". ಬರೆದವರಲ್ಲಿ ಹೆಚ್ಚಿನವರು ಅಲ್ಲಿಗೆ ಒಂದೇ ಸಲ ಹೋಗಿ ಬಂದವರು. ಕುದುರೆಯ ಬಗ್ಗೆ ಒಂದು ಸಾಲು ಹುಡುಕಿದರೂ ಸಿಗುವುದಿಲ್ಲ. ಎಷ್ಟು ಕುದುರೆ ಇವೆ, ವಯಸ್ಸೆಷ್ಟು, ದಿನಕ್ಕೆ ಎಷ್ಟು ಜನರನ್ನು ಹೊರುತ್ತವೆ, ಹೇಳಿಕೊಡುವವರು ಯಾರು? ಊಹೂಂ.

ಇಂಥ ಜಾಗಕ್ಕೆ ಹೋಗಿ ಅನ್ನುವ ಪಟ್ಟಿ ಇಲ್ಲಿಯೂ ಇಲ್ಲ. ಅಂಥ ಪಟ್ಟಿಗಳು ಬೇಗ ಹಳೆಯದಾಗುತ್ತವೆ, ಲಾಯಗಳು ಜಾಗ ಬದಲಿಸುತ್ತವೆ, ಇಲ್ಲಾ ಮುಚ್ಚುತ್ತವೆ. ಯಾವ ದೊಡ್ಡ ಊರಾದರೂ ಎಲ್ಲಿ ಹುಡುಕಬೇಕು, ಸಿಕ್ಕಿದ ಜಾಗ ಒಳ್ಳೆಯದೋ ಅಲ್ಲವೋ ಅಂತ ಹೇಗೆ ಗೊತ್ತುಮಾಡಿಕೊಳ್ಳಬೇಕು, ಇಷ್ಟು ಹೇಳುತ್ತೇನೆ. ಎರಡನೆಯದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಮೊದಲು ಒಂದು ಲೆಕ್ಕ. 500 ಕಿಲೋ ತೂಗುವ ಕುದುರೆ ದಿನಕ್ಕೆ ಸುಮಾರು 10 ಕಿಲೋ ಒಣ ಮೇವು ತಿನ್ನುತ್ತದೆ, 25ರಿಂದ 45 ಲೀಟರ್ ನೀರು ಕುಡಿಯುತ್ತದೆ, 20 ಕಿಲೋದಷ್ಟು ಲದ್ದಿ ಹಾಕುತ್ತದೆ. 20 ಕುದುರೆ ಇರುವ ಸಾಧಾರಣ ರೈಡಿಂಗ್ ಸ್ಕೂಲಿನಲ್ಲಿ ದಿನಕ್ಕೆ 400 ಕಿಲೋ ಲದ್ದಿ, ಅದೂ ಹಬ್ಬ ಹರಿದಿನ ಅನ್ನದೆ. ಇದನ್ನು ಸಾಗಿಸಬೇಕು, ಹುಲ್ಲು ಕೂಡಿಡಲು ಶೆಡ್ ಬೇಕು, ಕುದುರೆ ಬಿಡಲು ಬಯಲು ಬೇಕು, ಅಕ್ಕಪಕ್ಕದ ಮನೆಯವರಿಗೆ ನೊಣ ಮತ್ತು ವಾಸನೆ ತಡೆದುಕೊಳ್ಳುವ ತಾಳ್ಮೆ ಬೇಕು. ಊರಿನ ನಡುವೆ ಚದರ ಅಡಿ ಲೆಕ್ಕದಲ್ಲಿ ನೆಲ ಮಾರುವ ಕಾಲದಲ್ಲಿ ಲಾಯ ಉಳಿಯುವುದಾದರೂ ಹೇಗೆ?

ಹಿಂದೆ ಊರು ನಡೆಯುತ್ತಿದ್ದದ್ದೇ ಕುದುರೆಯಿಂದ. 1900ರ ಸುಮಾರಿಗೆ ನ್ಯೂಯಾರ್ಕ್ ನಗರವೊಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಕುದುರೆಗಳಿದ್ದವು. ಹಾಲು, ಐಸು, ಟ್ರಾಮು, ಬೆಂಕಿ ಆರಿಸುವ ಬಂಡಿ ಎಲ್ಲಕ್ಕೂ ಕುದುರೆಯೇ. ಲಂಡನ್ನಿನಲ್ಲಿ ಸಿರಿವಂತರ ಮನೆಗಳ ಹಿಂದೆ ಮ್ಯೂಸ್ ಅನ್ನುವ ಗಲ್ಲಿಗಳಿದ್ದವು. ಕೆಳಗೆ ಕುದುರೆ ಮತ್ತು ಸಾರೋಟು, ಮೇಲೆ ಅವನ್ನು ನೋಡಿಕೊಳ್ಳುವವರ ಸಂಸಾರ. ಮೋಟಾರು ಬಂದ ಮೇಲೆ ಆ ಲಾಯಗಳು ಗ್ಯಾರೇಜುಗಳಾದವು, ಆಮೇಲೆ ಮನೆಗಳಾದವು. ಈಗ ಕೊಳ್ಳಲು ಹೋದರೆ ಅವು ಆ ಊರಿನ ದುಬಾರಿ ಮನೆಗಳು.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಮ್ಯಾನ್‌ಹಾಟನ್ನಿನ ಕ್ಲೇರ್‌ಮಾಂಟ್ ಲಾಯದ ಕಥೆ. 1892ರಲ್ಲಿ ಪಶ್ಚಿಮ 89ನೇ ರಸ್ತೆಯಲ್ಲಿ ಕಟ್ಟಿದ ಮಹಡಿ ಕಟ್ಟಡ ಅದು. ಜಾಗ ಸಾಲದ ಕಾರಣ ಕುದುರೆಗಳು ನೆಲಮಾಳಿಗೆಯಲ್ಲೂ ಮಹಡಿಯಲ್ಲೂ ಇರುತ್ತಿದ್ದವು, ಇಳಿಜಾರು ದಾರಿಯಲ್ಲಿ ಹತ್ತಿ ಇಳಿಯುತ್ತಿದ್ದವು. ಸವಾರರು ಅಲ್ಲೇ ಜೀನು ಹತ್ತಿ, ಟ್ಯಾಕ್ಸಿಗಳ ನಡುವೆ ರಸ್ತೆ ದಾಟಿ, ಸೆಂಟ್ರಲ್ ಪಾರ್ಕಿನ ಕುದುರೆ ದಾರಿ ಸೇರುತ್ತಿದ್ದರು. ನೂರು ವರ್ಷಕ್ಕೂ ಮೇಲ್ಪಟ್ಟು ನಡೆದ ಈ ಲಾಯ 2007ರಲ್ಲಿ ಮುಚ್ಚಿತು. ಪಾರ್ಕಿನಲ್ಲಿ ಕುದುರೆಗೆಂದೇ ಮಾಡಿದ ದಾರಿ ಈಗಲೂ ಇದೆ, ಆದರೆ ಅಲ್ಲಿ ಕಾಣುವುದು ಜಾಗಿಂಗ್ ಮಾಡುವವರು. ದಾರಿ ಇದ್ದು ಲಾಯ ಇಲ್ಲದಿದ್ದರೆ ಆಗುವುದು ಇದೇ.

ಲಾಯ ಉಳಿದ ಕಡೆ ಸವಾರಿಯೂ ಉಳಿದಿದೆ. ಲಂಡನ್ನಿನ ಹೈಡ್ ಪಾರ್ಕಿನ ರಾಟನ್ ರೋ ಇದೆಯಲ್ಲ, 1690ರ ಸುಮಾರಿಗೆ ಮೂರನೇ ವಿಲಿಯಂ ದೊರೆ ತನ್ನ ಅರಮನೆಗೆ ಹೋಗಿ ಬರಲು ಮಾಡಿಸಿದ ದಾರಿ. ಕಳ್ಳರ ಭಯಕ್ಕೆ 300 ಎಣ್ಣೆ ದೀಪಗಳನ್ನು ಹಾಕಿಸಿದ್ದನಂತೆ. ಅದರ ಮೇಲೆ ಇವತ್ತಿಗೂ ಜನ ಕುದುರೆ ಓಡಿಸುತ್ತಾರೆ. ಲಾಸ್ ಏಂಜಲೀಸಿನಲ್ಲಿ ಗ್ರಿಫಿತ್ ಪಾರ್ಕ್ ಇದೆ, 1896ರಲ್ಲಿ ಒಬ್ಬ ಸಿರಿವಂತ ಊರಿಗೆ ದಾನ ಕೊಟ್ಟ ಗುಡ್ಡಗಾಡು. ಅಲ್ಲಿಯ ಕುದುರೆ ದಾರಿಗಳಿಂದ ಕೆಳಗೆ ನೋಡಿದರೆ ಇಡೀ ಊರು. ಎರಡೂ ಕಡೆ ಕಾರಣ ಒಂದೇ. ಆ ನೆಲವನ್ನು ಯಾರೂ ಮಾರುವ ಹಾಗಿಲ್ಲ, ಕಟ್ಟುವ ಹಾಗಿಲ್ಲ.

ಹುಡುಕುವಾಗ ನಾನು ಹಿಡಿದ ದಾರಿಯೂ ಇದೇ. ಊರು ಎಲ್ಲಿ ಕಟ್ಟಡ ಕಟ್ಟಲು ಆಗಿಲ್ಲವೋ ಅಲ್ಲಿ ನೋಡಿ. ಹೊಳೆ ಉಕ್ಕಿದರೆ ಮುಳುಗುವ ಬಯಲು, ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿ, ವಿಮಾನ ಇಳಿಯುವ ದಾರಿಯ ಕೆಳಗಿನ ನೆಲ, ಕಾಡಂಚು, ರೇಸ್‌ಕೋರ್ಸಿನ ಹಿಂಬದಿ. ಆಮೇಲೆ ಕುದುರೆ ಇಟ್ಟುಕೊಂಡಿರುವ ಸಂಸ್ಥೆಗಳು: ಅಶ್ವದಳ ಇರುವ ಪೊಲೀಸು, ಸೈನ್ಯ, ಪಶುವೈದ್ಯ ಕಾಲೇಜು. ಇವುಗಳಲ್ಲಿ ಕೆಲವು ಹೊರಗಿನವರಿಗೂ ಕಲಿಸುತ್ತವೆ, ಜಾಹೀರಾತು ಮಾತ್ರ ಕೊಡುವುದಿಲ್ಲ. ಹೋಗಿ ಕೇಳಬೇಕು ಅಷ್ಟೆ.

ಇದೆಲ್ಲಕ್ಕಿಂತ ಸುಲಭದ ದಾರಿ ಇನ್ನೊಂದಿದೆ. ಲಾಳ ಕಟ್ಟುವವರನ್ನು ಕೇಳಿ. ಕುದುರೆಯ ಗೊರಸು ನಮ್ಮ ಉಗುರಿನ ಥರ ಬೆಳೆಯುತ್ತಲೇ ಇರುತ್ತದೆ, ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಸಮ ಮಾಡಲೇಬೇಕು. ಒಂದು ಊರಿನಲ್ಲಿ ಈ ಕೆಲಸ ಬಲ್ಲವರು ಬೆರಳೆಣಿಕೆಯಷ್ಟು ಜನ, ಅವರು ಎಲ್ಲ ಲಾಯಗಳಿಗೂ ಹೋಗಿ ಬರುತ್ತಿರುತ್ತಾರೆ. ಯಾರು ಹೊತ್ತಿಗೆ ಸರಿಯಾಗಿ ಕರೆಯುತ್ತಾರೆ, ಯಾರು ಕುದುರೆ ಕುಂಟಲು ಶುರುವಾದ ಮೇಲೆ ಫೋನ್ ಮಾಡುತ್ತಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ನನಗೆ ಸಿಕ್ಕಿದವರು ಯಾರನ್ನೂ ಬೈಯಲಿಲ್ಲ. "ಅಲ್ಲಿಗೆ ನಾನು ಈಗ ಹೋಗಲ್ಲ" ಅಂತ ಮಾತ್ರ ಹೇಳಿದರು. ಸಾಕಲ್ವಾ?

ಈಗ, ಕುದುರೆ ಸವಾರಿ ಅನ್ನುವ ಬೋರ್ಡಿನ ಕೆಳಗೆ ಬೇರೆ ಬೇರೆ ವ್ಯವಹಾರಗಳು ನಡೆಯುತ್ತವೆ. ಒಂದು, ಹತ್ತಿಸಿ ಒಂದು ಸುತ್ತು ಹಾಕಿಸಿ ಇಳಿಸುವುದು. ಲಗಾಮು ಇನ್ನೊಬ್ಬರ ಕೈಯಲ್ಲಿ. ಅದಕ್ಕೆ ಸವಾರಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ, ಫೋಟೋಗೆ ಸರಿ. ಇನ್ನೊಂದು ಟ್ರೇಲ್ ರೈಡಿಂಗ್, ಕಾಡು ದಾರಿಯಲ್ಲೋ ತೋಟದ ನಡುವೆಯೋ ಗಂಟೆ ಎರಡು ಗಂಟೆ ಸಾಲಾಗಿ ಹೋಗುವುದು. ಇದು ಚೆನ್ನಾಗಿರುತ್ತದೆ. ಆದರೆ ಈ ಕುದುರೆಗಳಿಗೆ ದಾರಿ ಬಾಯಿಪಾಠ, ಮುಂದಿನದು ನಿಂತರೆ ಹಿಂದಿನದೂ ನಿಲ್ಲುತ್ತದೆ, ಮೇಲೆ ಕೂತವರು ಏನು ಹೇಳಿದರೂ ಅಷ್ಟಕ್ಕಷ್ಟೆ. ಎಷ್ಟೋ ಜನ ಇಂಥ ಸಾಲಿನಲ್ಲಿ ಹೋಗಿ ಬಂದು "ನನಗೆ ರೈಡಿಂಗ್ ಬರುತ್ತೆ" ಅಂದುಕೊಳ್ಳುತ್ತಾರೆ. ಆಮೇಲೆ ಬೇರೆ ಕಡೆ ಹೋಗಿ ಫಾರ್ಮಿನಲ್ಲಿ ಹಾಗೇ ಬರೆದು, ಚುರುಕಾದ ಕುದುರೆ ಹತ್ತಿ ಬೀಳುತ್ತಾರೆ.

ಮೂರನೆಯದು ರೈಡಿಂಗ್ ಸ್ಕೂಲು. ಬೇಲಿ ಹಾಕಿದ ಮರಳಿನ ಅರೀನಾ, ನಡುವೆ ನಿಂತು ಹೇಳಿಕೊಡುವ ಇನ್‌ಸ್ಟ್ರಕ್ಟರು, ಸುತ್ತ ಸುತ್ತ ಸುತ್ತು. ನೋಡುವವರಿಗೆ ಬೇಜಾರು, ಫೋಟೋಗೂ ಅಷ್ಟೇನೂ ಒಗ್ಗುವುದಿಲ್ಲ. ಆದರೆ ಕಲಿಯಬೇಕು ಅನ್ನುವವರು ಇಲ್ಲಿಂದಲೇ ಶುರುಮಾಡಬೇಕು ಅನ್ನುವುದು ನನ್ನ ಮಾತು. ಟ್ರೇಲ್ ಎಲ್ಲಿಗೂ ಓಡಿಹೋಗುವುದಿಲ್ಲ, ಕೂರುವುದು ಕಲಿತ ಮೇಲೆ ಹೋದರೆ ಕಾಡೂ ಚೆನ್ನಾಗಿ ಕಾಣುತ್ತದೆ.

ರೇಸ್ ಕುದುರೆಗಳ ಬಗ್ಗೆ ಒಂದು ಮಾತು. ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಕುದುರೆಗಳು ಸಾಕಷ್ಟು ಲಾಯಗಳಲ್ಲಿ ಸಿಗುತ್ತವೆ, ನೋಡಲು ಕಣ್ಣು ತುಂಬುತ್ತವೆ. ಅವು ಚಿಕ್ಕಂದಿನಿಂದ ಕಲಿತದ್ದು ಓಡುವುದು. ಒಳ್ಳೆಯ ಕಡೆ ಅವಕ್ಕೆ ತಿಂಗಳುಗಟ್ಟಲೆ ಮತ್ತೆ ತರಬೇತಿ ಕೊಟ್ಟು, ಆಮೇಲೂ ಹೊಸಬರಿಗೆ ಕೊಡದೆ ಇಟ್ಟುಕೊಳ್ಳುತ್ತಾರೆ. ಮೊದಲ ದಿನವೇ "ಇದು ರೇಸ್ ಗೆದ್ದ ಕುದುರೆ ಸಾರ್" ಅಂತ ಹೆಮ್ಮೆಯಿಂದ ಹತ್ತಿಸಲು ಬಂದರೆ ವಾಪಸ್ ಬನ್ನಿ.

ಸರಿ, ಜಾಗ ಸಿಕ್ಕಿತು ಅಂದುಕೊಳ್ಳಿ. ಹಣ ಕಟ್ಟುವ ಮೊದಲು ಸುಮ್ನೆ ಒಂದು ಸಲ ನೋಡಲು ಹೋಗಿ. ಫೋನ್ ಮಾಡಿ "ಸವಾರಿಗೆ ಅಲ್ಲ, ಲಾಯ ನೋಡೋಕೆ ಬರಬಹುದಾ?" ಅಂತ ಕೇಳಿ. ಈ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಅರ್ಧ ವಿಷಯ ತಿಳಿಯುತ್ತದೆ. ಒಳ್ಳೆಯ ಕಡೆ ಬನ್ನಿ ಅನ್ನುತ್ತಾರೆ, ಹೊತ್ತು ಹೇಳುತ್ತಾರೆ, ಬಂದಾಗ ಯಾರಾದರೂ ಜೊತೆಗೆ ಬಂದು ತೋರಿಸುತ್ತಾರೆ. ಬೇರೆ ಕಡೆ, "ಬುಕಿಂಗ್ ಮಾಡ್ಕೊಂಡೇ ಬನ್ನಿ" ಅನ್ನುತ್ತಾರೆ.

ನಾನು ಈಗ ಹೋಗುವ ಲಾಯಕ್ಕೆ ಮೊದಲು ಹೋದದ್ದು ಬೆಳಿಗ್ಗೆ ಲಾಯ ಗುಡಿಸುವ ಹೊತ್ತಿನಲ್ಲಿ. ಲದ್ದಿಯ ವಾಸನೆ ಇತ್ತು, ಅದು ಕೆಟ್ಟ ವಾಸನೆ ಏನಲ್ಲ, ಹುಲ್ಲಿನ ವಾಸನೆಯೇ. ಮೂಗಿಗೆ ಚುಚ್ಚಿ ಕಣ್ಣಲ್ಲಿ ನೀರು ಬರಿಸುವ ಅಮೋನಿಯಾ ಇದ್ದರೆ ಮಾತ್ರ ಹಾಸಿಗೆ ಹುಲ್ಲು ಬದಲಿಸಿ ದಿನಗಳಾಗಿವೆ ಅಂತ ಅರ್ಥ. ಅಲ್ಲಿ ಅದಿರಲಿಲ್ಲ. ಕುದುರೆ ನೋಡಿಕೊಳ್ಳುವವರು ಒಂದು ಕಂದು ಕುದುರೆಯ ಭುಜಕ್ಕೆ ಭುಜ ತಾಗಿಸಿ ನಿಂತು, ಬಗ್ಗಿ, ಮುಂಗಾಲಿನ ಹಿಂಬದಿಯಲ್ಲಿ ಕೈ ಕೆಳಗೆ ಸವರಿದರು. ಕುದುರೆ ತಾನಾಗಿಯೇ ಕಾಲೆತ್ತಿ ಅವರ ಕೈಯಲ್ಲಿಟ್ಟಿತು. ಕಬ್ಬಿಣದ ಕೊಕ್ಕೆಯಿಂದ ಗೊರಸಿನಡಿಯ ಮಣ್ಣು ಕೆರೆದು ತೆಗೆದರು. "ಬಂದು ಮೂಸಿ ನೋಡಿ" ಅಂದರು ನನಗೆ. ಗೊರಸನ್ನಾ? ಹೌದು, ಗೊರಸನ್ನೇ. ಒದ್ದೆ ನೆಲದಲ್ಲಿ ನಿಂತು ನಿಂತು ಗೊರಸಿನ ನಡುವಿನ ಮೆತ್ತಗಿನ ಭಾಗ ಕೊಳೆತರೆ ಕಪ್ಪಾಗಿ ಕೆಟ್ಟ ನಾತ ಬರುತ್ತದೆ. ಇಲ್ಲಿ ಬರೀ ಮಣ್ಣಿನ ವಾಸನೆ. ಆಮೇಲೆ ಬೆನ್ನಿನ ಮೇಲೆ, ಜೀನು ಕೂರುವ ಜಾಗದಲ್ಲಿ, ಕಂದು ಕೂದಲ ನಡುವೆ ಒಂದು ಬಿಳಿ ಮಚ್ಚೆ ತೋರಿಸಿದರು. ಹುಟ್ಟು ಮಚ್ಚೆ ಅಲ್ಲ. ಸರಿ ಹೊಂದದ ಜೀನು ಒತ್ತಿ ಒತ್ತಿ ಗಾಯವಾದ ಕಡೆ ಮತ್ತೆ ಬರುವ ಕೂದಲು ಬೆಳ್ಳಗೆ ಬರುತ್ತದೆ. "ಇದು ನಮ್ಮಲ್ಲಿಗೆ ಬರೋ ಮೊದಲೇ ಇತ್ತು" ಅಂದರು. ನಂಬಬೇಕೋ ಬೇಡವೋ ಅಂತ ಉಳಿದ ಕುದುರೆಗಳ ಬೆನ್ನು ನೋಡಿದೆ. ಒಂದರ ಬೆನ್ನಲ್ಲೂ ಅಂಥ ಗುರುತಿರಲಿಲ್ಲ.

ಅವತ್ತಿನಿಂದ ಎಲ್ಲಿ ಹೋದರೂ ನಾನು ಮೊದಲು ನೋಡುವುದು ಬೆನ್ನು ಮತ್ತು ಹೊಟ್ಟೆಪಟ್ಟಿ ಬಿಗಿಯುವ ಜಾಗ. ಆಮೇಲೆ ಪಕ್ಕೆ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಇದಕ್ಕೊಂದು ಅಳತೆಯೇ ಇದೆ, 1983ರಲ್ಲಿ ಹೆನೆಕೆ ಅನ್ನುವವರು ಮತ್ತು ಜೊತೆಯವರು ಮಾಡಿದ್ದು. 1 ಅಂದರೆ ಎಲುಬಿನ ಹಂದರ, 9 ಅಂದರೆ ವಿಪರೀತ ಬೊಜ್ಜು, 5ರ ಆಸುಪಾಸು ಇದ್ದರೆ ಸರಿ. ಅಷ್ಟೆಲ್ಲ ನೆನಪಿಟ್ಟುಕೊಳ್ಳಬೇಕಾಗಿಲ್ಲ, ನಿಮ್ಮ ಕಣ್ಣೇ ಹೇಳುತ್ತದೆ. ಮುಂದೆ ಹುಲ್ಲು ಇದೆಯಾ ನೋಡಿ. ಕುದುರೆಯ ಹೊಟ್ಟೆ ಅದರ ಮೈಗೆ ಹೋಲಿಸಿದರೆ ಸಣ್ಣದು, ಅದರಲ್ಲಿ ಆಮ್ಲ ಇಡೀ ದಿನ ಒಸರುತ್ತಲೇ ಇರುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಮೇಯುತ್ತಿರಬೇಕು. ಗಂಟೆಗಟ್ಟಲೆ ಖಾಲಿ ಹೊಟ್ಟೆಯಲ್ಲಿ ನಿಲ್ಲಿಸಿದರೆ ಹುಣ್ಣಾಗುತ್ತದೆ. ಹೊಟ್ಟೆ ಕೆಟ್ಟರೆ ನಮ್ಮ ಹಾಗೆ ವಾಂತಿ ಮಾಡಿ ಹಗುರಾಗಲೂ ಅದಕ್ಕೆ ಬರುವುದಿಲ್ಲ. ಹೊಟ್ಟೆಶೂಲೆ ಬಂದರೆ ಪ್ರಾಣಕ್ಕೇ ಅಪಾಯ. ಬಕೆಟ್ಟಿನಲ್ಲಿ ನೀರಿದೆಯಾ, ಪಾಚಿ ಕಟ್ಟಿದೆಯಾ, ಇದನ್ನು ನೋಡಲು ಯಾವ ಪರಿಣತಿಯೂ ಬೇಡ.

ಇನ್ನು ಕುದುರೆಯ ಮುಖ. ಕಿವಿ ಎತ್ತ ತಿರುಗಿದೆಯೋ ಮನಸ್ಸು ಅತ್ತ. ನೀವು ಹತ್ತಿರ ಹೋದಾಗ ಕಿವಿ ಮುಂದೆ ಮಾಡಿ ನೋಡಿದರೆ ಕುತೂಹಲ. ಕಿವಿಯನ್ನು ಹಿಂದಕ್ಕೆ ಕತ್ತಿಗೆ ಅಂಟಿಸಿದರೆ ದೂರ ನಿಲ್ಲಿ. ಜೀನು ತರುತ್ತಿದ್ದ ಹಾಗೇ ತಿರುಗಿ ಕಚ್ಚಲು ಬರುವ ಕುದುರೆಗೆ "ಕೊಬ್ಬು" ಅನ್ನುತ್ತಾರೆ ಕೆಲವರು. ಬಹಳ ಸಲ ಅದು ನೋವು.

ಒಳ್ಳೆಯ ಲಾಯದ ಇನ್ನೊಂದು ಗುರುತು, ಅವರು ನಿಮಗೆ ಬೇಡ ಅನ್ನುತ್ತಾರೆ. ನಿಮ್ಮ ತೂಕ ಕೇಳುತ್ತಾರೆ, ಮುಜುಗರ ಪಡಬೇಡಿ. ಸವಾರ ಮತ್ತು ಜೀನು ಎರಡೂ ಸೇರಿ ಕುದುರೆಯ ತೂಕದ ಶೇ 20 ದಾಟಬಾರದು ಅನ್ನುವುದು ತುಂಬಾ ಕಡೆ ನಡೆಯುವ ಲೆಕ್ಕ. 400 ಕಿಲೋದ ಕುದುರೆಗೆ 80 ಕಿಲೋ, ಅದರಲ್ಲಿ ಜೀನೇ 10 ಕಿಲೋ ಹತ್ತಿರ ಹೋಗಬಹುದು. ಹೊಸಬರು ಧೊಪ್ಪನೆ ಕೂರುತ್ತಾರೆ, ಅವರ ವಿಷಯದಲ್ಲಿ ಇನ್ನೂ ಕಡಿಮೆ ಇಟ್ಟುಕೊಂಡರೆ ಒಳ್ಳೆಯದು. ಹೆಲ್ಮೆಟ್ ಇಲ್ಲದೆ ಹತ್ತಲು ಬಿಡುವುದಿಲ್ಲ. ಹಿಮ್ಮಡಿ ಇಲ್ಲದ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದರೆ ಬೇರೆ ಕೊಡುತ್ತಾರೆ, ಯಾಕೆಂದರೆ ಬಿದ್ದಾಗ ಕಾಲು ರಿಕಾಪಿನೊಳಗೆ, ಅಂದರೆ ಜೀನಿನಿಂದ ತೂಗುವ ಕಾಲಿಡುವ ಬಳೆಯೊಳಗೆ, ಜಾರಿ ಸಿಕ್ಕಿಕೊಂಡರೆ ಕುದುರೆ ಎಳೆದುಕೊಂಡು ಓಡುತ್ತದೆ. "ಇವತ್ತು ಸೆಕೆ ಜಾಸ್ತಿ, ಕ್ಲಾಸ್ ಇಲ್ಲ" ಅಂತ ಹೊರಟ ಮೇಲೆ ಮೆಸೇಜ್ ಬಂದರೆ ಸಿಟ್ಟು ಬರುತ್ತದೆ ನಿಜ. ಆದರೂ ಅಂಥ ಮೆಸೇಜ್ ಕಳಿಸುವವರನ್ನೇ ನಾನು ನಂಬುವುದು.

ಕೆಲವು ದೇಶಗಳಲ್ಲಿ ಈ ಕೆಲಸವನ್ನು ಸರ್ಕಾರವೇ ಮಾಡುತ್ತದೆ. ಬ್ರಿಟನ್ನಿನಲ್ಲಿ 1964ರಷ್ಟು ಹಿಂದೆಯೇ ರೈಡಿಂಗ್ ಸ್ಕೂಲಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಕಾನೂನು ಬಂತು. ಪಶುವೈದ್ಯರು ಬಂದು ನೋಡಬೇಕು, ಮೂರು ವರ್ಷದೊಳಗಿನ ಎಳೆಯ ಕುದುರೆಯನ್ನು ಬಾಡಿಗೆಗೆ ಕೊಡುವ ಹಾಗಿಲ್ಲ, ತುಂಬು ಗಬ್ಬದ ಹೆಣ್ಣು ಕುದುರೆಯನ್ನೂ ಕೊಡುವ ಹಾಗಿಲ್ಲ. ಅಂಥ ಕಾನೂನು ಇದ್ದರೆ ಲೈಸೆನ್ಸ್ ತೋರಿಸಿ ಅನ್ನಬಹುದು. ಇಲ್ಲದ ಕಡೆ ನೋಡುವ ಕಣ್ಣು ನಿಮ್ಮದೇ ಆಗಬೇಕು.

ಮ್ಯಾಪಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಸ್ಟಾರು ಇದ್ದ ಒಂದು ಜಾಗಕ್ಕೂ ಹೋಗಿದ್ದೆ. ಹೆಸರು ಬೇಡ. ಒಳ್ಳೆಯ ಗೇಟು, ಕೆಫೆ, ಫೋಟೋ ತೆಗೆಸಿಕೊಳ್ಳಲು ಹೂವಿನ ಕಮಾನು. ಲಾಯ ಹಿಂದುಗಡೆ, "ಅತ್ತ ಗೆಸ್ಟ್‌ಗಳಿಗೆ ಬಿಡಲ್ಲ" ಅಂದರು. ಮಧ್ಯಾಹ್ನದ ಬಿಸಿಲಿನಲ್ಲಿ ಜೀನು ಕಟ್ಟಿಯೇ ಸಾಲಾಗಿ ನಿಲ್ಲಿಸಿದ್ದರು, ಮುಂದೆ ಹುಲ್ಲಿಲ್ಲ, ನೀರಿಲ್ಲ. ಒಬ್ಬರು ಇಳಿಯುತ್ತಿದ್ದಂತೆ ಇನ್ನೊಬ್ಬರು ಹತ್ತುತ್ತಿದ್ದರು. ಒಂದು ಬಿಳಿ ಕುದುರೆ ಹಿಂಗಾಲನ್ನು ಎತ್ತಿ ಎತ್ತಿ ಇಡುತ್ತಿತ್ತು. ದಣಿದ ಕುದುರೆ ಒಂದು ಹಿಂಗಾಲು ಸಡಿಲ ಬಿಟ್ಟು ನಿಲ್ಲುವುದು ಸಹಜವೇ, ಆದರೆ ಇದು ಆ ಥರ ಅಲ್ಲ, ಊರಲಾಗದೆ ಎತ್ತುತ್ತಿತ್ತು. ಹೇಳಿದೆ. "ಅದಕ್ಕೆ ಅಭ್ಯಾಸ" ಅಂದರು. ಯಾವುದರ ಅಭ್ಯಾಸ ಅಂತ ಕೇಳಲು ಹೋಗದೆ, ಕಟ್ಟಿದ ಹಣ ಬಿಟ್ಟು ಬಂದೆ. ಅವತ್ತೇ ಸಂಜೆ ಅಲ್ಲಿಯ ಕುದುರೆಗಳ ಸ್ಥಿತಿ ಕಂಡ ಹಾಗೇ ರಿವ್ಯೂನಲ್ಲಿ ಬರೆದೆ. ನೀವೂ ಬರೆಯಿರಿ. ಪಾರ್ಕಿಂಗ್ ಬಗ್ಗೆ ಬರೆಯಲು ಬೇಕಾದಷ್ಟು ಜನ ಇದ್ದಾರೆ.

ಇನ್ನು ಕಲಿಕೆ. ಶುರುವಿನಲ್ಲಿ ಒಳ್ಳೆಯ ಇನ್‌ಸ್ಟ್ರಕ್ಟರು ಲಗಾಮನ್ನು ಕೈಗೇ ಕೊಡುವುದಿಲ್ಲ. ಉದ್ದ ಹಗ್ಗದ ತುದಿಯಲ್ಲಿ ಕುದುರೆಯನ್ನು ವೃತ್ತವಾಗಿ ನಡೆಸುತ್ತಾರೆ, ನೀವು ಕೈ ಚಾಚಿ, ಸೊಂಟಕ್ಕಿಟ್ಟು, ಕೆಲವೊಮ್ಮೆ ರಿಕಾಪು ಬಿಟ್ಟು ಕೂರಬೇಕು. ಕಾರಣ ಸರಳ. ಕೂತಲ್ಲಿ ತೂಕ ಸಮ ಇಡಲು ಬಾರದವರು ಲಗಾಮನ್ನು ಹಿಡಿದು ತೂಗುತ್ತಾರೆ, ಲಗಾಮಿನ ಇನ್ನೊಂದು ತುದಿಯ ಕಡಿವಾಣ ಕುದುರೆಯ ಬಾಯಲ್ಲಿದೆ. ಆಮೇಲೆ ಟ್ರಾಟ್ ಬರುತ್ತದೆ. ನಡಿಗೆಯಲ್ಲಿ ನಾಲ್ಕು ಕಾಲು ಒಂದೊಂದಾಗಿ ಊರುತ್ತವೆ, ಹಾಯಾಗಿರುತ್ತದೆ. ಟ್ರಾಟಿನಲ್ಲಿ ಒಂದು ಕಡೆಯ ಮುಂಗಾಲು ಇನ್ನೊಂದು ಕಡೆಯ ಹಿಂಗಾಲು ಜೋಡಿಯಾಗಿ ಊರುತ್ತವೆ, ಎರಡೇ ತಾಳ, ಟಕ್ ಟಕ್ ಟಕ್ ಟಕ್, ಕೂತವರ ಹಲ್ಲು ಕಟಕಟ. ಆ ತಾಳಕ್ಕೆ ಸರಿಯಾಗಿ ಏಳುವುದು ಕೂರುವುದು ಬಂದ ದಿನ ಮೈ ಹಗುರ ಅನ್ನಿಸುತ್ತದೆ, ಅದು ಯಾರಿಗೂ ಬೇಗ ಬರುವುದಿಲ್ಲ. ಕ್ಯಾಂಟರ್ ಮೂರು ತಾಳದ್ದು, ತೂಗುಮಂಚದ ಥರ, ಟ್ರಾಟಿಗಿಂತ ಕೂರಲು ಸುಖ. ನಾಗಾಲೋಟದ ಮಾತು ಸದ್ಯಕ್ಕೆ ಬೇಡ. ಮೊದಲ ದಿನವೇ "ಗ್ಯಾಲಪ್ ಮಾಡಿಸ್ತೀವಿ" ಅನ್ನುವವರ ಕಡೆ ಹೋಗಲೇಬೇಡಿ.

ವಯಸ್ಸಾಯಿತು, ಮಂಡಿ ನೋವು, ಇದೆಲ್ಲ ನಮಗಲ್ಲ ಅನ್ನುವವರಿಗೆ ನಾನು ಲಿಸ್ ಹಾರ್ಟೆಲ್ ಕಥೆ ಹೇಳುತ್ತೇನೆ. ಡೆನ್ಮಾರ್ಕಿನವರು. 1944ರಲ್ಲಿ ಪೋಲಿಯೊ ಬಂದು ಮಂಡಿಯ ಕೆಳಗೆ ಸ್ವಾಧೀನ ಹೋಯಿತು, ಕುದುರೆ ಹತ್ತಲೂ ಇಳಿಯಲೂ ಇನ್ನೊಬ್ಬರು ಬೇಕು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ, ಕುದುರೆಯನ್ನು ಹೇಳಿದ ಹಾಗೆ ನಾಜೂಕಾಗಿ ನಡೆಸಿ ತೋರಿಸುವ ಡ್ರೆಸಾಜ್ ಸ್ಪರ್ಧೆಗೆ ಹೆಂಗಸರನ್ನು ಮೊದಲ ಸಲ ಸೇರಿಸಿಕೊಂಡಾಗ, ಗಂಡಸರ ಜೊತೆಗೇ ಸ್ಪರ್ಧಿಸಿ ಬೆಳ್ಳಿ ಗೆದ್ದರು. 1956ರಲ್ಲಿ ಮತ್ತೆ ಬೆಳ್ಳಿ. ಅಂಗವಿಕಲರಿಗೆ ಸವಾರಿ ಕಲಿಸುವ ಕೇಂದ್ರಗಳು ಎಷ್ಟೋ ಊರುಗಳಲ್ಲಿವೆ. ಇಂಥ ಕಡೆ ಕುದುರೆಗಳು ಬಹಳ ಸಮಾಧಾನಿಗಳು, ಸಹಾಯಕ್ಕೆ ಜನ ಯಾವಾಗಲೂ ಬೇಕಾಗಿರುತ್ತಾರೆ. ಕುದುರೆಯ ಪಕ್ಕ ನಡೆಯಲು ಹೋದವರು ಸವಾರಿಗಿಂತ ಮೊದಲು ಕುದುರೆಯನ್ನೇ ಕಲಿಯುತ್ತಾರೆ.

ಹಣದ ಮಾತು ಬಿಡುವ ಹಾಗಿಲ್ಲ. ಸವಾರಿ ಅಗ್ಗದ ಹವ್ಯಾಸ ಅಲ್ಲ, ಕುದುರೆಯ ಖರ್ಚು ನೋಡಿದರೆ ಅಗ್ಗ ಆಗಲೂ ಬಾರದು. ತೀರಾ ಕಡಿಮೆಗೆ ಸಿಕ್ಕಿದರೆ ಎಲ್ಲೋ ಉಳಿಸುತ್ತಿದ್ದಾರೆ, ಮೇವಿನಲ್ಲೋ ಲಾಳದಲ್ಲೋ ವೈದ್ಯರಲ್ಲೋ. ಆದರೆ ಇದು ಸಿರಿವಂತರದೇ ಆಟ ಅನ್ನುವ ಮಾತೂ ನನಗೆ ಹಿಡಿಸುವುದಿಲ್ಲ. ಲಂಡನ್ನಿನ ಬ್ರಿಕ್ಸ್‌ಟನ್ನಿನಲ್ಲಿ, ಸುತ್ತ ಅಪಾರ್ಟ್‌ಮೆಂಟುಗಳ ನಡುವೆ, ಎಬೊನಿ ಹಾರ್ಸ್ ಕ್ಲಬ್ ಅಂತ ಇದೆ, ಆ ಕಡೆಯ ಅನುಕೂಲವಿಲ್ಲದ ಮಕ್ಕಳಿಗೆ ಸವಾರಿ ಕಲಿಸುತ್ತದೆ. ಅಲ್ಲಿ ಕಲಿತ ಖದೀಜಾ ಮೆಲ್ಲಾ 2019ರಲ್ಲಿ ಹಿಜಾಬ್ ತೊಟ್ಟು ಗುಡ್‌ವುಡ್‌ನ ಮ್ಯಾಗ್ನೋಲಿಯಾ ಕಪ್ ರೇಸ್ ಗೆದ್ದರು. ಫಿಲಡೆಲ್ಫಿಯಾದ ಫ್ಲೆಚರ್ ಸ್ಟ್ರೀಟಿನಲ್ಲಿ ಕಪ್ಪು ಜನರ ಕುದುರೆ ಲಾಯಗಳು ತಲೆಮಾರುಗಳಿಂದ ಊರಿನ ಗಲ್ಲಿಗಳಲ್ಲೇ ನಡೆದುಕೊಂಡು ಬಂದಿವೆ. ಲಾಯದಲ್ಲಿ ಕೆಲಸಕ್ಕೆ ಕೈಜೋಡಿಸಿದರೆ ಕ್ಲಾಸಿನ ಹಣದಲ್ಲಿ ಬಿಡುವ ಕಡೆಗಳೂ ಇವೆ. ಕೇಳಿದರೆ ಗೊತ್ತಾಗುತ್ತದೆ. ಲದ್ದಿ ಎತ್ತುವುದು ಒಳ್ಳೆಯ ವ್ಯಾಯಾಮ, ಬೆನ್ನಿಗೆ ಮಾತ್ರ ಜೋಪಾನ.

ನಿಜವಾಗಿ ಕಾಡುವುದು ದೂರ. ಒಂದು ಗಂಟೆ ಸವಾರಿಗೆ ಟ್ರಾಫಿಕ್ಕಿನಲ್ಲಿ ಮೂರು ಗಂಟೆ ಹೋದರೆ ಉತ್ಸಾಹ ಎಷ್ಟು ದಿನ ಉಳಿಯುತ್ತದೆ? ಅದಕ್ಕೇ ಹತ್ತಿರದ ಸಾಧಾರಣ ಸ್ಕೂಲು, ದೂರದ ಭಾರಿ ಸ್ಕೂಲಿಗಿಂತ ಮೇಲು ಅನ್ನುತ್ತೇನೆ, ಕುದುರೆಗಳು ಚೆನ್ನಾಗಿದ್ದರೆ ಮಾತ್ರ. ವಾರದ ನಡುವೆ ಬೆಳಿಗ್ಗೆ ಹೋಗಲು ಆಗುವವರು ಪುಣ್ಯವಂತರು. ಕುದುರೆಗೆ ಆಗಿನ್ನೂ ದಣಿವಿಲ್ಲ, ಬಿಸಿಲಿಲ್ಲ, ಇನ್‌ಸ್ಟ್ರಕ್ಟರಿಗೂ ಗಂಟಲು ಬಿದ್ದಿರುವುದಿಲ್ಲ.

ಅರೀನಾ ದಾಟಿ ರಸ್ತೆಗೆ ಬರುವ ಹೊತ್ತಿಗೆ ಒಂದು ವಿಷಯ ತಲೆಯಲ್ಲಿರಲಿ. ಕುದುರೆಯ ಕಣ್ಣು ತಲೆಯ ಪಕ್ಕಕ್ಕಿವೆ, ಸುತ್ತಲೂ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದಿರುವುದು ಹಣೆಯ ನೇರ ಮುಂದೆ ಸ್ವಲ್ಪ ಮತ್ತು ಬಾಲದ ಹಿಂದೆ. ಕುದುರೆಯ ಹಿಂದೆ, ಅಧಿಕಾರಿಯ ಮುಂದೆ ಸುಳಿಯಬಾರದು ಅನ್ನುವ ಮಾತಿನಲ್ಲಿ ಅರ್ಧವಾದರೂ ಖಂಡಿತ ನಿಜ. ಹಾಗಾಗಿ ಹಿಂದಿನಿಂದ ಹಾರ್ನ್ ಹೊಡೆದು ನುಗ್ಗುವ ಬೈಕಿಗೆ, ಬೇಲಿಯಲ್ಲಿ ಪಟಪಟ ಅನ್ನುವ ಪ್ಲಾಸ್ಟಿಕ್ಕಿಗೆ ಅದು ಬೆಚ್ಚುವುದು ತಪ್ಪಲ್ಲ, ಅಪಾಯ ಕಂಡರೆ ಮೊದಲು ಓಡು ಅಂತಲೇ ಅದರ ಜೀವ ಬೆಳೆದು ಬಂದಿದೆ. ಮೇಲೆ ಕೂತವರು ಉಸಿರು ಬಿಗಿಹಿಡಿದರೆ ಅದಕ್ಕೂ ಗೊತ್ತಾಗುತ್ತದೆ. ಸ್ಕೂಲಿನವರು ಹೊಸಬರನ್ನು ಹೊರಗೆ ಕರೆದುಕೊಂಡು ಹೋಗುವಾಗ ಮುಂದೊಬ್ಬರು ಹಿಂದೊಬ್ಬರು ಅನುಭವಸ್ಥರು ಇರಬೇಕು. ಇಲ್ಲದಿದ್ದರೆ ಹೋಗಬೇಡಿ.

ಕೊನೆಗೆ ಇನ್ನೊಂದು ಪ್ರಶ್ನೆ ಕೇಳಿ ನೋಡಿ, ನಾನು ಎಲ್ಲ ಕಡೆ ಕೇಳುತ್ತೇನೆ: "ನಿಮ್ಮ ವಯಸ್ಸಾದ ಕುದುರೆಗಳು ಎಲ್ಲಿವೆ?" ಕುದುರೆ 25ರಿಂದ 30 ವರ್ಷ ಬದುಕುತ್ತದೆ, ಕೆಲಸಕ್ಕೆ ಆಗುವುದು ಅಷ್ಟು ದಿನ ಅಲ್ಲ. ಕೆಲವರು ಮಾತು ಬದಲಿಸುತ್ತಾರೆ. "ಮಾರಿದ್ವಿ" ಅನ್ನುತ್ತಾರೆ ಕೆಲವರು, ಯಾರಿಗೆ ಅಂದರೆ ಉತ್ತರ ಇಲ್ಲ. ನಾನು ಹೋಗುವ ಕಡೆ ಒಂದು ಹಳೆಯ ಹೆಣ್ಣು ಕುದುರೆ ಇದೆ, ಇಪ್ಪತ್ತು ದಾಟಿದೆ, ಕಣ್ಣಿನ ಮೇಲೆ ಗುಂಡಿ ಬಿದ್ದಿದೆ, ಮೂತಿಯ ಸುತ್ತ ನರೆ. ಜಿಗಿತ ಕ್ಯಾಂಟರ್ ಎಲ್ಲ ನಿಲ್ಲಿಸಿದ್ದಾರೆ, ಹಗ್ಗದ ತುದಿಯಲ್ಲಿ ನಡೆಯುವುದಷ್ಟೇ ಅದರ ಕೆಲಸ, ಅದೂ ದಿನಕ್ಕೆ ಒಂದೇ ಕ್ಲಾಸು. ಮೇಲೆ ಕೂತ ಮಗು ಒಂದು ಕಡೆಗೆ ವಾಲಿದರೆ ಯಾರೂ ಹೇಳದೆ ತಾನೇ ನಿಲ್ಲುತ್ತದೆ. ಕ್ಲಾಸಿನ ಹೊತ್ತು ಮುಗಿದರೆ ಇನ್‌ಸ್ಟ್ರಕ್ಟರು ಏನು ಹೇಳಿದರೂ ಕೇಳದೆ ಗೇಟಿನ ಕಡೆಗೆ ನಡೆಯುತ್ತದೆ. ಅದರ ಮೇಲೆ ಕೂತೇ ಕಲಿಯಬೇಕು ಅನ್ನುವವರು ಮೊದಲೇ ಹೇಳಿಡಬೇಕು, ವಾರಾಂತ್ಯದಲ್ಲಂತೂ ಸಿಗುವುದೇ ಇಲ್ಲ.